ಮಾರಿ ಕಡೀಗೆ ಮೆತ್ತಂದು

ಕೆಂಪು ತುಂಡಿನ ತುದಿಯನ್ನು ಚರಗಿಯ ನೀರಲ್ಲಿ ಅದ್ದಿ ಆಯಿ ಬಿಳಿ ಧೋತರದ ಮೇಲೆ ತಿಕ್ಕಿದಳು. ಧೋತರಕ್ಕೆ ಗುಲಾಬಿ ಕಲೆ ಹತ್ತಿತು. ತುಂಡು ಪಡಸಾಲೆಯ ಆಚೆ ಮೂಲೆಗೆ ಹೋಯಿತು.

"ಬಣ್ಣ ಬಿಡೂದು ಬ್ಯಾಡವಾ. ಒಂದ ಒಗತಕ್ಕ ಇಡೀ ಕೌದಿ ಕೆಡಸ್ತದ."

ಬಾಗಲಕೋಟೆ ಸೀಮೆಯ ನಮ್ಮೂರಲ್ಲಿ ಕೌದಿಗೆ ಅರಿವೆ ಆರಿಸುವುದು ಬೇಸಿಗೆಯ ಕೆಲಸ. ಹೊಲ ಬರಿದಾದ ಮೇಲೆ, ಮಳೆಗೆ ಮುಂಚೆ. ಹಳೆ ಅರಿವೆಯ ಗಂಟು ಬಿಚ್ಚಿದರೆ ಮನೆಮಂದಿಯೆಲ್ಲ ನೆಲದ ಮೇಲೆ ಹರವಿಕೊಂಡರು. ಅವ್ವನ ನೀಲಿ ಇಳಕಲ್ಲ ಸೀರೆಯ ಒಡಲು ಜಾಳಾಗಿತ್ತು, ಕೆಂಪು ದಡಿ ಮಾತ್ರ ಗಟ್ಟಿ. ಸೆರಗಿನ ತೋಪುತೆನೆಯ ಬಿಳಿ ಹಲ್ಲುಗಳನ್ನು ಈಗಲೂ ಎಣಿಸಬಹುದಿತ್ತು. ಅಜ್ಜನ ಧೋತರಗಳು. ನನ್ನ ಶಾಲೆಯ ಲಂಗ. ಕುಬಸ ಹೊಲಿದು ಉಳಿದ ಗುಳೇದಗುಡ್ಡ ಖಣದ ಚೂರುಗಳು.

ಹೊಳೆಯುವ ಹೂವಿನ ಸಿಂಥೆಟಿಕ್ ಸೀರೆಯೊಂದನ್ನು ನಾನು ಮುಂದೆ ಮಾಡಿದೆ. ಆಯಿ ಎರಡು ಬೆರಳಲ್ಲಿ ಹಿಸುಕಿ ಬದಿಗಿಟ್ಟಳು. "ಬೆವರು ಕುಡ್ಯಂಗಿಲ್ಲ. ಸೂಜಿ ಜಾರ್ತದ."

ಅವಳ ಲೆಕ್ಕದಲ್ಲಿ ಮೊದಲು ಜಾಗ, ಆಮೇಲೆ ಬಣ್ಣ. ಕಾಲ ಕಡೆಗೆ ಕೊಳೆ ಕಾಣದ ಕಪ್ಪು, ಕಂದು, ಒರಟು ಅರಿವೆ. ತಲೆದೆಸೆಗೆ ಸವೆದು ಬೆಣ್ಣೆಯಾದದ್ದು, ಎಷ್ಟೇ ಮಾಸಿರಲಿ. "ಮಾರಿ ಕಡೀಗೆ ಮೆತ್ತಂದು." ಧೋತರ ಒಳಪದರಿಗೆ. ದಡಿಗಳೆಲ್ಲ ಅಂಚಿಗೆ, ಎಳೆದಾಡಿ ಮೊದಲು ಹರಿಯುವುದೇ ಅಲ್ಲಿ. ಗೆರೆಯ ಎರಡು ಚೌಕ ಅಕ್ಕಪಕ್ಕ ಬಿದ್ದವೆಂದರೆ ನಡುವೆ ಒಂದು ಬೋಳು ಹಸಿರನ್ನು ತೂರಿಸುತ್ತಾಳೆ. ಇಲ್ಲದಿದ್ದರೆ "ಗದ್ದಲ ಆಗ್ತದ" ಅಂತೆ. ಬಣ್ಣದ ಬಗ್ಗೆ ಇದಕ್ಕಿಂತ ನಿಖರವಾದ ಮಾತನ್ನು ನಾನು ಯಾವ ಕಲಾಶಾಲೆಯವರಿಂದಲೂ ಕೇಳಿಲ್ಲ.

ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕವಂದಿ ಎನ್ನುವ ಕೌದಿಯನ್ನೂ ನೋಡಿದ್ದೇನೆ. ಅವರು ಅಂಚಿನಿಂದ ಹಿಡಿದು ನಡುವಿಗೆ ಹೊಲಿಯುತ್ತ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿದ 'ಫುಲ' ಕೂರಿಸದಿದ್ದರೆ ಕವಂದಿ ಬೆತ್ತಲೆ ಎನ್ನುತ್ತಾರೆ. ಆಯಿಗೆ ಆ ಹೂವಿನ ಜಾಗದಲ್ಲಿ ಖಣ. ಕಡುಗೆಂಪು, ಗಿಳಿಹಸಿರು, ನೇರಳೆ ಚೂರುಗಳನ್ನು ಮೂಲೆಮಡಚಿ, ಮಾಸಿದ ಚೌಕಗಳ ಮೇಲೆ ಅಲ್ಲೊಂದು ಇಲ್ಲೊಂದು ಇಟ್ಟಳು. ತೆಗೆದಳು. ಮತ್ತೆ ಇಟ್ಟಳು. ಬಂಗಾರ ತೂಗುವಷ್ಟು ಹೊತ್ತು ಹಿಡಿಯಿತು.

ಬಿಸಿಲು ಹೊಸ್ತಿಲು ದಾಟಿದಾಗ ತಾನೇ ಎದ್ದು ಹೋಗಿ ಆ ಮೂಲೆಯ ಕೆಂಪು ತುಂಡನ್ನು ಎತ್ತಿಕೊಂಡಳು. ಅದು ಅವಳ ತವರಿನ ಸೀರೆಯದು. ಬಕೀಟಿನ ನೀರಿಗೆ ಒಂದು ಹಿಡಿ ಉಪ್ಪು ಹಾಕಿ ಮುಳುಗಿಸಿದಳು. ನೀರು ಕೆಂಪಾಯಿತು. ಚೆಲ್ಲಿ, ಬೇರೆ ನೀರು ತರಲು ನನ್ನನ್ನು ಕಳಿಸಿದಳು.