ಮಸೂದೆ ಓದಿದ ಹುಡುಗರು

ಅಣುಬಾಂಬಿನ ಕತೆಯನ್ನು ನಾವು ಸಾಮಾನ್ಯವಾಗಿ 1945ರ ಆಗಸ್ಟ್‌ಗೇ ಮುಗಿಸಿಬಿಡುತ್ತೇವೆ. ಹಿರೋಶಿಮಾ, ನಾಗಸಾಕಿ, ಜಪಾನಿನ ಶರಣಾಗತಿ, ಅಲ್ಲಿಗೆ ಪರದೆ. 'ಓಪನ್‌ಹೈಮರ್' ಸಿನಿಮಾ ನೋಡಿದವರಿಗೆ ಒಂಬತ್ತು ವರ್ಷಗಳ ಆಮೇಲೆ ಆ ವಿಜ್ಞಾನಿಯ ಮೇಲೆ ನಡೆದ ವಿಚಾರಣೆಯೂ ಗೊತ್ತಿರುತ್ತದೆ. ಇವೆರಡರ ನಡುವೆ, ಅದೇ 1945ರ ಅಕ್ಟೋಬರ್‌ನಲ್ಲಿ, ಅಷ್ಟೇನೂ ಸದ್ದು ಮಾಡದ ಒಂದು ಜಗಳ ಶುರುವಾಯಿತು. ಆಗಷ್ಟೇ ಪಿಎಚ್‌.ಡಿ. ಮುಗಿಸಿದವರು, ಮುಗಿಸುವ ಮೊದಲೇ ಯುದ್ಧಕ್ಕೆ ಸಿಕ್ಕಿಕೊಂಡವರು, ಸ್ವಂತ ಹೆಸರಿನಲ್ಲಿ ಇನ್ನೂ ಪ್ರಯೋಗಾಲಯ ಇಲ್ಲದವರು ವಾಷಿಂಗ್ಟನ್‌ಗೆ ರೈಲು ಹತ್ತಿದರು. ಯುವ ವಿಜ್ಞಾನಿಗಳು ಬಿಟ್ಟಿ ದುಡಿದು ಸಂಸದರ ಬಾಗಿಲು ತಟ್ಟುವ, ಪತ್ರಿಕೆಗಳಿಗೆ ಬರೆಯುವ ರೂಢಿ ಈಗಿನ ರೂಪಕ್ಕೆ ಬಂದದ್ದು ಬಹುಪಾಲು ಆ ಜಗಳದಲ್ಲೇ.

ಜಗಳಕ್ಕೆ ಕಾರಣ ಒಂದು ಮಸೂದೆ. ಯುದ್ಧ ಮುಗಿದಿತ್ತು, ಇನ್ನು ಪರಮಾಣು ಶಕ್ತಿ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಎದ್ದಿತ್ತು. ಅಮೆರಿಕದ ಯುದ್ಧ ಇಲಾಖೆಯ ವಕೀಲರು ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡಿದ್ದರು. ಕೆಂಟಕಿಯ ಸಂಸದ ಆಂಡ್ರ್ಯೂ ಮೇ ಮತ್ತು ಕೊಲರಾಡೊದ ಸೆನೆಟರ್ ಎಡ್ವಿನ್ ಜಾನ್ಸನ್ ಹೆಸರಿನಲ್ಲಿ ಅದು ಅಕ್ಟೋಬರ್ ಮೊದಲ ವಾರ ಕಾಂಗ್ರೆಸ್ಸಿಗೆ ಬಂತು. ಅಕ್ಟೋಬರ್ 9ರಂದು ಮೇ ಅವರ ಸಮಿತಿ ಐದು ಗಂಟೆ ಕೂತು ನಾಲ್ಕೇ ಜನರ ಮಾತು ಕೇಳಿತು. ನಾಲ್ವರೂ ಮಸೂದೆಯ ಪರ. ಅಲ್ಲಿಗೆ ವಿಚಾರಣೆ ಮುಗಿಯಿತೆಂದು ಮೇ ಸಾರಿದರು.

ಮಸೂದೆಯ ಪ್ರತಿ ಷಿಕಾಗೋ ವಿಶ್ವವಿದ್ಯಾಲಯದ 'ಮೆಟಲರ್ಜಿಕಲ್ ಲ್ಯಾಬ್' ತಲುಪಿತು. ಹೆಸರು ಲೋಹಶಾಸ್ತ್ರದ್ದು, ಒಳಗಿನ ಕೆಲಸ ಪ್ಲುಟೋನಿಯಂನದ್ದು. ಅಲ್ಲಿನ ಕಿರಿಯರು ಸಮೀಕರಣಗಳನ್ನು ಓದಿ ಅಭ್ಯಾಸವಿದ್ದವರು. ಆ ಅಭ್ಯಾಸದಲ್ಲೇ ಮಸೂದೆಯನ್ನೂ ಕಲಮು ಕಲಮಾಗಿ ಓದಿದರು. ಒಂಬತ್ತು ಜನರ ಒಂದು ಆಯೋಗ. ಸದಸ್ಯರಿಗೆ ಅದು ಪೂರ್ಣಾವಧಿ ಕೆಲಸವಲ್ಲ, ಆಗೀಗ ಬಂದು ಹೋಗುವುದು. ನಿಜವಾದ ಅಧಿಕಾರವೆಲ್ಲ ಒಬ್ಬ ಆಡಳಿತಗಾರನ ಕೈಯಲ್ಲಿ. ಆತ ಸೇನಾಧಿಕಾರಿಯೂ ಆಗಿರಬಹುದು. ರಹಸ್ಯ ಕಾಪಾಡುವ ನಿಯಮ ಮುರಿದರೆ 10 ವರ್ಷದವರೆಗೆ ಜೈಲು, 10,000 ಡಾಲರ್ ದಂಡ. ಯಾವುದು ರಹಸ್ಯ, ಯಾವುದು ಅಲ್ಲ ಎನ್ನುವುದನ್ನು ಆಯೋಗವೇ ಹೇಳುತ್ತದೆ. ತರಗತಿಯಲ್ಲಿ ಪರಮಾಣು ಭೌತವಿಜ್ಞಾನ ಪಾಠ ಮಾಡುವಾಗ ನಾಲಿಗೆ ಒಂದಿಷ್ಟು ಹರಿದರೂ ಸೆರೆಮನೆಯೇ ಎಂಬ ಭಯಕ್ಕೆ ಅಷ್ಟು ಸಾಕಿತ್ತು.

ಸೋಜಿಗವೆಂದರೆ ಹಿರಿಯರು ಇದನ್ನು ಒಪ್ಪಿಬಿಟ್ಟಿದ್ದರು. ಬಾಂಬ್ ತಯಾರಾದ ಲಾಸ್ ಅಲಾಮೋಸ್ ಪ್ರಯೋಗಾಲಯದ ಮುಖ್ಯಸ್ಥ ಓಪನ್‌ಹೈಮರ್, ಭೌತವಿಜ್ಞಾನಿಗಳಾದ ಫರ್ಮಿ ಮತ್ತು ಲಾರೆನ್ಸ್, ಮೂವರೂ ಮಸೂದೆ ಬೇಗ ಪಾಸಾಗಲಿ ಎಂದು ಬೆಂಬಲ ಕೊಟ್ಟರು. ಹಿರಿಯರು ಎಂದರೆ ಅಜ್ಜಂದಿರೇನಲ್ಲ. ಓಪನ್‌ಹೈಮರ್‌ಗೆ 41, ಉಳಿದಿಬ್ಬರಿಗೆ 44. ಆದರೆ ಲಾಸ್ ಅಲಾಮೋಸ್‌ನಲ್ಲಿ ದುಡಿದವರ ಸರಾಸರಿ ವಯಸ್ಸು 30 ದಾಟಿರಲಿಲ್ಲ, ಅವರ ಕಣ್ಣಿಗೆ ಇವರು ಹಿರಿಯರೇ. ಅಧಿಕಾರದ ಪಡಸಾಲೆಯಲ್ಲಿ ಕುರ್ಚಿ ಸಿಕ್ಕವರಿಗೆ, ಒಳಗಿದ್ದುಕೊಂಡೇ ನಿಧಾನಕ್ಕೆ ಸರಿಪಡಿಸಬಹುದು ಎಂಬ ನಂಬಿಕೆ ಬಂದುಬಿಡುತ್ತದೆ. ಆ ನಂಬಿಕೆಯನ್ನು ನಾನು ಕಪಟ ಎನ್ನಲಾರೆ. ಕುರ್ಚಿ ಇಲ್ಲದವರು ಮಾತ್ರ ಹಾಗೆ ಕಾಯಲು ತಯಾರಿರಲಿಲ್ಲ.

ಹರ್ಬರ್ಟ್ ಆಂಡರ್ಸನ್ ಅವರನ್ನೇ ನೋಡಿ. ಅವರಿಗೆ ಆಗ 31. 1939ರಿಂದ ಫರ್ಮಿ ಅವರ ಬಲಗೈ. 1942ರ ಡಿಸೆಂಬರ್ 2ರಂದು ಷಿಕಾಗೋದಲ್ಲಿ ಜಗತ್ತಿನ ಮೊದಲ ಪರಮಾಣು ರಿಯಾಕ್ಟರ್ ಚಾಲೂ ಆದಾಗ ಅದನ್ನು ಕಟ್ಟಿದವರಲ್ಲಿ ಒಬ್ಬರು. ಮಸೂದೆ ಓದಿದ ಮೇಲೆ ಅವರು ಲಾಸ್ ಅಲಾಮೋಸ್‌ನ ಗೆಳೆಯರಿಗೆ ಕಾಗದ ಬರೆದರು. ನಮ್ಮ ನಾಯಕರ ಮೇಲಿನ ವಿಶ್ವಾಸ ಅಲುಗಾಡಿದೆ, ಈ ಮಸೂದೆಯನ್ನು ಅವರಿಗೆ ಸರಿಯಾಗಿ ನೋಡಲೂ ಬಿಡದೆ ಯಾರೋ ಮೋಸ ಮಾಡಿದ್ದಾರೆ ಎಂಬುದು ಆ ಕಾಗದದ ಸಾರ. ಆ ನಾಯಕರ ಪಟ್ಟಿಯಲ್ಲಿ ಗುರು ಫರ್ಮಿ ಅವರ ಹೆಸರನ್ನೂ ಬರೆದಿದ್ದರು. ಪ್ರತಿಭಟನೆ ಜೋರಾಗಿ, ಮುಚ್ಚಿದ್ದ ವಿಚಾರಣೆಯನ್ನು ಅಕ್ಟೋಬರ್ 18ರಂದು ಇನ್ನೊಂದು ದಿನಕ್ಕೆ ತೆರೆಯಬೇಕಾಯಿತು. ಅವತ್ತು ಓಪನ್‌ಹೈಮರ್ ಮಸೂದೆಯ ಪರ ನಿಂತರು. ಆಂಡರ್ಸನ್ ಮತ್ತು ಷಿಕಾಗೋದವರೇ ಆದ ಭೌತವಿಜ್ಞಾನಿ ಲಿಯೋ ಜಿಲಾರ್ಡ್ ವಿರುದ್ಧ ನಿಂತರು.

ಇದೆಲ್ಲ ಏಕಾಏಕಿ ಹುಟ್ಟಿದ ಸಿಟ್ಟಲ್ಲ. ಬಾಂಬ್ ಹಾಕುವ ಮೊದಲು, ಜೂನ್‌ನಲ್ಲೇ, ಷಿಕಾಗೋದ ಕೆಲವರು ಭೌತವಿಜ್ಞಾನಿ ಜೇಮ್ಸ್ ಫ್ರಾಂಕ್ ಮುಂದಾಳತ್ವದಲ್ಲಿ ವರದಿ ಬರೆದು, ಜಪಾನಿನ ಮೇಲೆ ಎಚ್ಚರಿಕೆ ಕೊಡದೆ ಇದನ್ನು ಹಾಕಬೇಡಿ ಎಂದು ಕೇಳಿಕೊಂಡಿದ್ದರು. ಜುಲೈನಲ್ಲಿ ಜಿಲಾರ್ಡ್ ಒಂದು ಮನವಿಗೆ ಸಹಿ ಹಾಕಿಸಿದರು. ಅದು ಅಧ್ಯಕ್ಷ ಟ್ರೂಮನ್ ಅವರ ಮೇಜು ಮುಟ್ಟಲೇ ಇಲ್ಲ. ಯುದ್ಧ ಮುಗಿದ ಮೇಲೆ ಲಾಸ್ ಅಲಾಮೋಸ್‌ನವರು ಸಂಘ ಕಟ್ಟಿಕೊಂಡು, ಅಂತರರಾಷ್ಟ್ರೀಯ ನಿಯಂತ್ರಣ ಯಾಕೆ ಬೇಕು ಎಂದು ಒಂದು ಹೇಳಿಕೆ ಸಿದ್ಧಪಡಿಸಿ, ಮರ್ಯಾದೆಯಿಂದ ಓಪನ್‌ಹೈಮರ್ ಮೂಲಕವೇ ಕಳಿಸಿದರು. ವಾಷಿಂಗ್ಟನ್ ಮುಟ್ಟಿದ ಆ ಹೇಳಿಕೆ ರಹಸ್ಯ ಕಡತಕ್ಕೆ ಸೇರಿತು. ತಾವೇ ಬರೆದದ್ದನ್ನು ತಾವೇ ಅಚ್ಚು ಹಾಕಿಸುವಂತಿರಲಿಲ್ಲ. ಮೇಲಿನವರ ಮೂಲಕ ಹೋಗುವ ದಾರಿಯನ್ನು ಅವರು ಬಿಟ್ಟದ್ದು ಆಮೇಲೆ.

ಬಿಟ್ಟ ಮೇಲೆ ಮಾಡಿದ್ದು ಏನು? ಮೊದಲು, ದುಡ್ಡು ಕೂಡಿಸಿದರು. ಸಂಬಳದಲ್ಲಿ ಇಷ್ಟಿಷ್ಟು ಎತ್ತಿಟ್ಟು, ಸರದಿಯ ಮೇಲೆ ವಾಷಿಂಗ್ಟನ್‌ಗೆ ಹೊರಟರು. ಷಿಕಾಗೋ ಸಂಘದ ಅಧ್ಯಕ್ಷ ಜಾನ್ ಸಿಂಪ್ಸನ್‌ಗೆ ಇನ್ನೂ 29 ತುಂಬಿರಲಿಲ್ಲ. ವಿಶ್ವವಿದ್ಯಾಲಯದಿಂದ ರಜೆ ಪಡೆದು ಸೆನೆಟರ್ ಬ್ರಯನ್ ಮೆಕ್‌ಮಹಾನ್ ಅವರಿಗೆ ಸಲಹೆಗಾರನಂತೆ ಕೆಲಸ ಮಾಡಿದರು. ಮೆಕ್‌ಮಹಾನ್ ಕೂಡ ಸೆನೆಟ್‌ಗೆ ಹೊಸಬರೇ. ಪರಮಾಣು ವಿಷಯಕ್ಕೆಂದು ರಚಿಸಿದ ವಿಶೇಷ ಸಮಿತಿಯ ಅಧ್ಯಕ್ಷತೆ ಅವರಿಗೆ ಸಿಕ್ಕಿತ್ತು. ಸಮಿತಿಯ ಸೆನೆಟರ್‌ಗಳಿಗೆ ನ್ಯೂಟ್ರಾನ್ ಅಂದರೇನು, ವಿದಳನ ಅಂದರೇನು ಎಂದು ಪಾಠ ಹೇಳುವ ವ್ಯವಸ್ಥೆಯಾಯಿತು. ಭೌತವಿಜ್ಞಾನಿ ಎಡ್ವರ್ಡ್ ಕಾಂಡನ್ ಅದರ ಮುಖ್ಯ ಮೇಷ್ಟರು. ಕಾಯಿದೆ ಮಾಡುವವರಿಗೆ ಪಾಠ ಮಾಡುವುದು ಪಿಯುಸಿ ಮಕ್ಕಳಿಗೆ ಮಾಡಿದಂತಲ್ಲ: ಅವರಿಗೆ ಅರ್ಥವಾಗದಿದ್ದರೂ ಮತ ಹಾಕುತ್ತಾರೆ.

ಓಡಾಟದ ನಡುವೆ ಇದ್ದವರು ವಿಲಿಯಂ ಹಿಗಿನ್‌ಬಾಥಂ, ಎಲ್ಲರ ಬಾಯಲ್ಲೂ ವಿಲ್ಲಿ. ಪಾದ್ರಿಯ ಮಗ, ಅಕಾರ್ಡಿಯನ್ ನುಡಿಸುವ ಮೋಜಿನ ಮನುಷ್ಯ. ಲಾಸ್ ಅಲಾಮೋಸ್‌ನಲ್ಲಿ ಬಾಂಬಿನ ಸಮಯ ನಿಯಂತ್ರಿಸುವ ಎಲೆಕ್ಟ್ರಾನಿಕ್ಸ್ ವಿಭಾಗ ಅವರದಾಗಿತ್ತು. ಷಿಕಾಗೋ, ಲಾಸ್ ಅಲಾಮೋಸ್, ಓಕ್ ರಿಡ್ಜ್ ಮುಂತಾದ ಕಡೆಯ ಸಂಘಗಳು ಸೇರಿ ಒಕ್ಕೂಟವಾದಾಗ ಮೊದಲ ಅಧ್ಯಕ್ಷರಾದದ್ದು ಅವರೇ. ಮೊದಲು 'ಪರಮಾಣು ವಿಜ್ಞಾನಿಗಳ ಒಕ್ಕೂಟ' ಎಂದಿದ್ದದ್ದು ಕೆಲವೇ ವಾರಗಳಲ್ಲಿ 'ಅಮೆರಿಕನ್ ವಿಜ್ಞಾನಿಗಳ ಒಕ್ಕೂಟ'ವಾಯಿತು. ಅದು ಇವತ್ತಿಗೂ ಇದೆ. ಜಗತ್ತಿನ ಯಾವ ದೇಶದ ಬಳಿ ಎಷ್ಟು ಅಣ್ವಸ್ತ್ರಗಳಿವೆ ಎಂದು ನಮ್ಮ ಪತ್ರಿಕೆಗಳು ಅಂಕಿ ಕೊಡುವಾಗ ಬಹಳ ಸಲ ಅದು ಇವರ ಲೆಕ್ಕ.

ಕಾಂಗ್ರೆಸ್ಸನ್ನು ಒಪ್ಪಿಸಿದರೆ ಸಾಲದು, ಜನ ಕೇಳಬೇಕು ಎನ್ನುವುದು ಬೇಗ ಹೊಳೆಯಿತು. 1945ರ ಡಿಸೆಂಬರ್ 10ರಂದು ಷಿಕಾಗೋದವರು ಒಂದು ಸುದ್ದಿಪತ್ರ ಹೊರಡಿಸಿದರು. ಸಂಪಾದಕರು ಯೂಜೀನ್ ರಾಬಿನೋವಿಚ್ ಮತ್ತು ಹೈಮನ್ ಗೋಲ್ಡ್‌ಸ್ಮಿತ್. ಅದೇ 'ಬುಲೆಟಿನ್ ಆಫ್ ದಿ ಅಟಾಮಿಕ್ ಸೈಂಟಿಸ್ಟ್ಸ್'. 1947ರಲ್ಲಿ ಅದರ ಮುಖಪುಟಕ್ಕೆ ಮಾರ್ಟಿಲ್ ಲ್ಯಾಂಗ್ಸ್‌ಡಾರ್ಫ್ ಎಂಬ ಕಲಾವಿದೆ, ಭೌತವಿಜ್ಞಾನಿಯೊಬ್ಬರ ಹೆಂಡತಿ, ನಡುರಾತ್ರಿಗೆ ಏಳು ನಿಮಿಷ ಬಾಕಿ ಇರುವ ಗಡಿಯಾರ ಬರೆದುಕೊಟ್ಟರು. 'ಪ್ರಳಯದ ಗಡಿಯಾರ' ಎಂದು ಪ್ರತಿ ಜನವರಿ ಟಿ.ವಿ.ಯಲ್ಲಿ ತೋರಿಸುತ್ತಾರಲ್ಲ, ಅದು. 1946ರ ಮಾರ್ಚ್‌ನಲ್ಲಿ ಒಕ್ಕೂಟ ತಂದ 'ಒನ್ ವರ್ಲ್ಡ್ ಆರ್ ನನ್' ಪುಸ್ತಕ ಒಂದು ಡಾಲರ್ ಬೆಲೆಗೆ ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಅದರ ಇಬ್ಬರು ಸಂಪಾದಕರಲ್ಲಿ ಒಬ್ಬರು ಕ್ಯಾಥರೀನ್ ವೇ, ಪರಮಾಣು ಭೌತವಿಜ್ಞಾನಿ. ಶೀರ್ಷಿಕೆಯಲ್ಲಿ ನಾನು ಹುಡುಗರು ಎಂದದ್ದಕ್ಕೆ ಆಕ್ಷೇಪಿಸುವ ಹಕ್ಕು ಅವರಿಗಿದೆ.

ಆ ಪುಸ್ತಕದಲ್ಲಿ ಐನ್‌ಸ್ಟೈನ್, ಬೋರ್ ಮುಂತಾದ ಘಟಾನುಘಟಿಗಳೆಲ್ಲ ಇದ್ದರೂ ಓದುಗರನ್ನು ತಟ್ಟಿದ್ದು ಮೂವತ್ತರ ಹರೆಯದ ಫಿಲಿಪ್ ಮಾರಿಸನ್ ಬರೆದದ್ದು. ಅವರು ಹಿರೋಶಿಮಾಕ್ಕೆ ಹೋಗಿ ಕಣ್ಣಾರೆ ಕಂಡು ಬಂದಿದ್ದರು. ಆದರೆ ಬರೆಯುವಾಗ ಬಾಂಬನ್ನು ನ್ಯೂಯಾರ್ಕಿನ ಥರ್ಡ್ ಅವೆನ್ಯೂ, ಇಪ್ಪತ್ತನೆಯ ಬೀದಿಯ ಹತ್ತಿರ ಬೀಳಿಸಿದರು. ಜಪಾನಿನ ಸಾವು ದೂರದ್ದು, ತಾನು ದಿನಾ ದಾಟುವ ಬೀದಿಯ ಸಾವು ಹಾಗಲ್ಲ. ಇನ್ನೊಂದು ತಂತ್ರ ಇದಕ್ಕಿಂತ ಹಸಿಯಾಗಿತ್ತು. ಮೊದಲ ಬಾಂಬ್ ಪರೀಕ್ಷೆ ನಡೆದ ಮರುಭೂಮಿಯಲ್ಲಿ ಮರಳು ಕರಗಿ ಹಸಿರು ಗಾಜಿನಂತೆ ಹೆಪ್ಪುಗಟ್ಟಿತ್ತು. ಅದರ ತುಣುಕುಗಳನ್ನು ಲಾಸ್ ಅಲಾಮೋಸ್‌ನವರು ದೊಡ್ಡ ನಗರಗಳ ಮೇಯರ್‌ಗಳಿಗೆ ಕಳಿಸಿಕೊಟ್ಟರು. ನಿಮ್ಮ ಊರೂ ಹೀಗಾಗಬೇಕೆ ಎಂಬುದೇ ಅದರ ಹಿಂದಿನ ಪ್ರಶ್ನೆ. ಇದನ್ನು ವಿಜ್ಞಾನ ಸಂವಹನ ಎನ್ನಬೇಕೋ ಹೆದರಿಸುವುದು ಎನ್ನಬೇಕೋ? ಆಗಿನ ಪತ್ರಕರ್ತರು ಇವರನ್ನು 'ಹೆದರಿದ ಗಂಡಸರ ಸಂಘ' ಎಂದು ಗೇಲಿ ಮಾಡಿದ್ದೂ ಉಂಟು. ಭಯ ಬಿತ್ತಿದರೆ ಫಸಲು ನಮಗೇ ಬೇಕಾದ ಹಾಗೆ ಬರುವುದಿಲ್ಲ. ಅದು ಕೂಡಲೇ ಗೊತ್ತಾಯಿತು.

ಮೇ-ಜಾನ್ಸನ್ ಮಸೂದೆ ಮೂಲೆ ಸೇರಿತು. ಆಡಳಿತವನ್ನು ನಾಗರಿಕರ ಕೈಗೆ ಕೊಡುವ ಮೆಕ್‌ಮಹಾನ್ ಮಸೂದೆ 1945ರ ಡಿಸೆಂಬರ್ 20ರಂದು ಮಂಡನೆಯಾಯಿತು. ಅಷ್ಟರಲ್ಲಿ, 1946ರ ಫೆಬ್ರುವರಿಯಲ್ಲಿ, ಕೆನಡಾದಿಂದ ಸೋವಿಯತ್ ಬೇಹುಗಾರಿಕೆಯ ಸುದ್ದಿ ಸ್ಫೋಟಿಸಿತು. ಅದರಲ್ಲಿ ಒಬ್ಬ ಬ್ರಿಟಿಷ್ ಭೌತವಿಜ್ಞಾನಿಯೂ ಸಿಕ್ಕಿಬಿದ್ದ. ಯಾವ ಭಯವನ್ನು ಇವರು ಜನರಲ್ಲಿ ಹುಟ್ಟಿಸಿದ್ದರೋ ಅದೇ ಭಯವನ್ನು ರಹಸ್ಯ ಬೇಕೆನ್ನುವವರು ಎತ್ತಿಕೊಂಡರು. 1946ರ ಆಗಸ್ಟ್ 1ರಂದು ಟ್ರೂಮನ್ ಸಹಿ ಹಾಕಿದ ಕಾಯಿದೆಯಲ್ಲಿ ಐವರು ನಾಗರಿಕರ ಪೂರ್ಣಾವಧಿ ಆಯೋಗವಿತ್ತು, ಹೌದು. ಜತೆಗೆ ಸೇನೆಯ ಸಂಪರ್ಕ ಸಮಿತಿಯೂ ಇತ್ತು. ಪರಮಾಣು ಮಾಹಿತಿಯೆಲ್ಲ ಹುಟ್ಟುತ್ತಲೇ ನಿರ್ಬಂಧಿತ ಎನ್ನುವ ಕಲಮೂ ಇತ್ತು. ಅಮೆರಿಕಕ್ಕೆ ಕೇಡು ಬಗೆಯುವ ಉದ್ದೇಶದಿಂದ ಗುಟ್ಟು ಕೊಟ್ಟವರಿಗೆ ಮರಣದಂಡನೆಯವರೆಗೆ ಶಿಕ್ಷೆ. ಹತ್ತು ವರ್ಷದ ಜೈಲನ್ನು ವಿರೋಧಿಸಿ ಹೊರಟವರ ಗೆಲುವು ಇದು. ಪೂರ್ತಿ ಗೆಲುವು ಎನ್ನುವವರ ಜತೆ ನಾನಿಲ್ಲ. ಸೋಲು ಎನ್ನುವವರ ಜತೆಗೂ ಇಲ್ಲ. ಮಸೂದೆಗೆ ಕೈ ಹಾಕಿದವರಿಗೆ ಅರ್ಧ ಸಿಕ್ಕಿದರೆ ದೊಡ್ಡದು.

ಮುಂದಿನ ವರ್ಷಗಳು ಸಲೀಸಾಗಿರಲಿಲ್ಲ. ಸೆನೆಟರ್‌ಗಳ ಮೇಷ್ಟರಾಗಿದ್ದ ಕಾಂಡನ್ ಅವರನ್ನು 1948ರಲ್ಲಿ ಕಾಂಗ್ರೆಸ್ಸಿನದೇ ಒಂದು ಸಮಿತಿ ದೇಶದ ಭದ್ರತೆಯ ದುರ್ಬಲ ಕೊಂಡಿ ಎಂದು ಜರೆಯಿತು. ಒಕ್ಕೂಟದ ಸದಸ್ಯರ ಸಂಖ್ಯೆ ಕರಗಿತು, ಬಹುತೇಕರು ಪ್ರಯೋಗಾಲಯಕ್ಕೆ ಮರಳಿದರು. ಹಿಗಿನ್‌ಬಾಥಂ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ಹೋದರು. 1958ರಲ್ಲಿ, ಪ್ರಯೋಗಾಲಯ ನೋಡಲು ಬರುವವರಿಗೆ ಬೇಸರವಾಗದಿರಲಿ ಎಂದು ಆಸಿಲೋಸ್ಕೋಪ್ ಪರದೆಯ ಮೇಲೆ ಟೆನಿಸ್ ಆಟ ಮಾಡಿಟ್ಟರು. ವಿಡಿಯೊ ಗೇಮ್‌ಗಳ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಹೆಸರು. ಅಣ್ವಸ್ತ್ರ ಹರಡದಂತೆ ತಾನು ದುಡಿದದ್ದು ಬಿಟ್ಟು ಜನ ಈ ಆಟಕ್ಕೆ ತನ್ನನ್ನು ನೆನೆಯುತ್ತಾರಲ್ಲ ಎಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು. ವಿಜ್ಞಾನಿಗಳು ಸಂಸದರ ಬಾಗಿಲು ತಟ್ಟುವ ಕೆಲಸಕ್ಕೆ ಸಂಬಳ, ಕುರ್ಚಿ ಬಂದದ್ದು 1973ರಲ್ಲಿ. ಅಮೆರಿಕದ ವಿಜ್ಞಾನ ಮುನ್ನಡೆ ಸಂಘ ಆ ವರ್ಷ ಏಳು ಜನ ವಿಜ್ಞಾನಿ, ಎಂಜಿನಿಯರುಗಳನ್ನು ಕಾಂಗ್ರೆಸ್ ಕಚೇರಿಗಳಲ್ಲಿ ಕೆಲಸಕ್ಕೆ ಕಳಿಸಿತು. ಮುಂದೆ ಅದು ವರ್ಷಕ್ಕೆ ನೂರಾರು ಜನರ ಫೆಲೋಷಿಪ್ ಆಗಿ ಬೆಳೆಯಿತು.

ಇತ್ತ ನಮ್ಮಲ್ಲಿ? ಭೌತವಿಜ್ಞಾನಿ ಹೋಮಿ ಭಾಭಾ ಹಿಗಿನ್‌ಬಾಥಂಗಿಂತ ಒಂದೇ ವರ್ಷ ದೊಡ್ಡವರು. ಯುದ್ಧದ ವರ್ಷಗಳನ್ನು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಳೆದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಮೊದಲು ಕಣ್ಣುಬಿಟ್ಟದ್ದೂ ಇಲ್ಲೇ. ಬಾಗಿಲು ತಟ್ಟುವ ಪ್ರಮೇಯವೇ ಅವರಿಗೆ ಬರಲಿಲ್ಲ, ನೆಹರೂ ಅವರ ಮನೆಬಾಗಿಲು ತೆರೆದೇ ಇತ್ತು. 1948ರ ಏಪ್ರಿಲ್‌ನಲ್ಲಿ ಸಂವಿಧಾನ ಸಭೆ ಶಾಸನಸಭೆಯಾಗಿ ಕೂತಾಗ ನೆಹರೂ ಪರಮಾಣು ಶಕ್ತಿ ಮಸೂದೆ ತಂದರು. ಅದನ್ನು ಓದಿ, ಕಾಗದ ಬರೆದು, ದೆಹಲಿಯ ರೈಲು ಹತ್ತುವ ಯುವ ವಿಜ್ಞಾನಿಗಳ ಗುಂಪು ನಮ್ಮಲ್ಲಿ ಇರಲಿಲ್ಲ. ಓದಿದವರು ಒಬ್ಬ ವಕೀಲರು, ಮೈಸೂರು ಸಂಸ್ಥಾನದ ಪ್ರತಿನಿಧಿ ಎಸ್.ವಿ. ಕೃಷ್ಣಮೂರ್ತಿ ರಾವ್. ಮುಂದೆ ಶಿವಮೊಗ್ಗದಿಂದ ಲೋಕಸಭೆಗೆ ಗೆದ್ದು ಉಪಸಭಾಧ್ಯಕ್ಷರಾದವರು. ಅವರು ಬ್ರಿಟನ್ನಿನ ಮತ್ತು ಅಮೆರಿಕದ ಕಾಯಿದೆಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿದರು. ಅಮೆರಿಕದ್ದು ಷಿಕಾಗೋದ ಹುಡುಗರು ಜಗಳವಾಡಿ ತಿದ್ದಿಸಿದ ಕಾಯಿದೆಯೇ. ಅಲ್ಲಿರುವ ತಡೆ, ತಪಾಸಣೆಗಳು ಇಲ್ಲಿ ಯಾಕಿಲ್ಲ, ಬ್ರಿಟನ್ನಿನಲ್ಲಿ ರಕ್ಷಣೆಗೆ ಸಂಬಂಧಿಸಿದ ಸಂಶೋಧನೆಗಷ್ಟೇ ರಹಸ್ಯ, ಇಲ್ಲಿ ಎಲ್ಲಕ್ಕೂ ಯಾಕೆ ಎಂದು ಕೇಳಿದರು. ಶಾಂತಿಯ ಬಳಕೆ, ರಕ್ಷಣೆಯ ಬಳಕೆ ಇವೆರಡನ್ನು ಹೇಗೆ ಬೇರ್ಪಡಿಸುವುದೋ ತನಗೆ ತಿಳಿಯದು ಎಂಬರ್ಥದಲ್ಲಿ ನೆಹರೂ ಉತ್ತರಿಸಿದರು. ಮಸೂದೆ ಅಂಗೀಕಾರವಾಯಿತು.

ಆ ಸಭೆಯಲ್ಲಿ ರಾವ್ ಅವರ ಬೆನ್ನಿಗೆ ಹತ್ತು ಜನ ಕಿರಿಯ ಭೌತವಿಜ್ಞಾನಿಗಳು ಇದ್ದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಸುಲಭ. ದೇಶದಲ್ಲಿ ಅಂಥವರು ಆಗ ಇದ್ದದ್ದೇ ಕಡಿಮೆ, ಇದ್ದವರಿಗೆ ಕೆಲಸ ಕೊಡಬೇಕಾದದ್ದೂ ಅದೇ ಸರ್ಕಾರ. ಇವತ್ತಿಗೂ ಇಲ್ಲಿ ವಿಜ್ಞಾನಿಗೆ ಅನ್ನ ಬಹುಪಾಲು ಸರ್ಕಾರದ್ದೇ. ಆದರೂ 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಪ್ರಯೋಗಾಲಯಗಳಿಗೆ ಬೀಗ ಬಿದ್ದಾಗ, ದೇಶದ ನೂರಾರು ವಿಜ್ಞಾನಿಗಳು ಸ್ವಯಂಸೇವಕರಾಗಿ ಒಂದು ಗುಂಪು ಕಟ್ಟಿದರು. ಸೋಂಕು ಹರಡುವ ಗಣಿತದ ಮಾದರಿ ಕಟ್ಟುವುದು, ವಾಟ್ಸ್‌ಆ್ಯಪ್‌ನ ಸುಳ್ಳುಗಳನ್ನು ಒಂದೊಂದಾಗಿ ಬಿಡಿಸುವುದು, ಅದನ್ನು ಭಾರತೀಯ ಭಾಷೆಗಳಿಗೆ ತರುವುದು ಅವರ ಕೆಲಸವಾಗಿತ್ತು. ಬೀಗ ತೆಗೆದ ಮೇಲೆ ಅವರಲ್ಲಿನ ಸಂಶೋಧನಾ ವಿದ್ಯಾರ್ಥಿಗಳು ಬಾಕಿ ಬಿದ್ದ ಪ್ರಯೋಗಗಳಿಗೆ ಹಿಂತಿರುಗಬೇಕಾಯಿತು. ಐದು ವರ್ಷದ ಫೆಲೋಷಿಪ್‌ನ ಗಡಿಯಾರ ಓಡುತ್ತಿರುತ್ತದೆ. ಸಿಂಪ್ಸನ್‌ಗೆ ಅವರ ವಿಶ್ವವಿದ್ಯಾಲಯ ಕೊಟ್ಟಂಥ ರಜೆ ಕೇಳಲು ನಮ್ಮ ಪಿಎಚ್‌.ಡಿ. ವಿದ್ಯಾರ್ಥಿ ಇವತ್ತಿಗೂ ಮೊದಲು ಗೈಡ್ ಮುಖ ನೋಡಬೇಕು.