74ನೇ ವಿಧಿಯ ಮೂರು ಪಾಠಗಳು

ರಾಷ್ಟ್ರಪತಿಯ ಅಧಿಕಾರಗಳು ಎಂಬ ಪಾಠ ಪ್ರೌಢಶಾಲೆಯ ಮಕ್ಕಳಿಗೆ ಸಾಮಾನ್ಯವಾಗಿ ಪಟ್ಟಿಯ ರೂಪದಲ್ಲೇ ಸಿಗುತ್ತದೆ: ಕಾರ್ಯಾಂಗದ ಅಧಿಕಾರ, ಶಾಸಕಾಂಗದ ಅಧಿಕಾರ, ಹಣಕಾಸಿನ ಅಧಿಕಾರ, ಕ್ಷಮಾದಾನ, ತುರ್ತುಪರಿಸ್ಥಿತಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಮೂರೂ ಸೇನೆಗಳ ಮಹಾದಂಡನಾಯಕ ಎಂದು ಬಾಯಿಪಾಠ ಮಾಡಿದ ಮಗು ಮರುಪುಟದಲ್ಲೇ 'ನಾಮಮಾತ್ರದ ಮುಖ್ಯಸ್ಥ' ಎಂದು ಓದಿ ತಬ್ಬಿಬ್ಬಾಗುತ್ತದೆ. ಎರಡು ಮಾತೂ ನಿಜ. ಅವು ಒಟ್ಟಿಗೆ ಹೇಗೆ ನಿಜ ಎಂಬುದಕ್ಕೆ ಉತ್ತರ ಸಿಗುವುದು ಗಣರಾಜ್ಯದ ಚರಿತ್ರೆಯಲ್ಲಿ. ಆದ್ದರಿಂದ ಪೌರನೀತಿಯ ಈ ಪಾಠವನ್ನು ಇತಿಹಾಸದ ಪಾಠದ ಹಾಗೆ, ಪ್ರಸಂಗಗಳ ಮೂಲಕ ಕಲಿಸುವುದೇ ಸರಿಯಾದ ದಾರಿ.

ಆರಂಭಕ್ಕೆ ಸಂವಿಧಾನದ 74ನೇ ವಿಧಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಕಪ್ಪುಹಲಗೆಯ ಮೇಲೆ ಮೂರು ಅಂಕಣ ಎಳೆದು ಅದರ ಮೂರು ರೂಪಗಳನ್ನು ಸರಳ ಕನ್ನಡದಲ್ಲಿ ಬರೆಯಬಹುದು. 1950ರ ಪಾಠ ಹೇಳುವುದು ಇಷ್ಟೇ: ರಾಷ್ಟ್ರಪತಿಗೆ ನೆರವು ಮತ್ತು ಸಲಹೆ ನೀಡಲು ಪ್ರಧಾನಿಯ ನೇತೃತ್ವದ ಮಂತ್ರಿಮಂಡಲ ಇರಬೇಕು. 1976ರ 42ನೇ ತಿದ್ದುಪಡಿ, ರಾಷ್ಟ್ರಪತಿ ಆ ಸಲಹೆಯಂತೆಯೇ ನಡೆಯಬೇಕು ಎಂದು ಸೇರಿಸಿತು. 1978ರ 44ನೇ ತಿದ್ದುಪಡಿ ಒಂದು ಅವಕಾಶ ಕೊಟ್ಟಿತು: ಸಲಹೆಯನ್ನು ಮರುಪರಿಶೀಲಿಸಿ ಎಂದು ರಾಷ್ಟ್ರಪತಿ ಹೇಳಬಹುದು, ಮರುಪರಿಶೀಲನೆಯ ನಂತರ ಬಂದ ಸಲಹೆಯನ್ನು ಮಾತ್ರ ಒಪ್ಪಲೇಬೇಕು. ಮೂರನ್ನೂ ಅಕ್ಕಪಕ್ಕ ಓದಿದ ಮಕ್ಕಳು ಕೇಳುವ ಮೊದಲ ಪ್ರಶ್ನೆ ಸಹಜವಾಗಿಯೇ 'ಯಾಕೆ ಬದಲಾಯಿಸಿದರು' ಎಂಬುದು. ಪಾಠ ಅಲ್ಲಿಂದ ತಾನಾಗಿ ಮುಂದೆ ಸಾಗುತ್ತದೆ.

ಮೊದಲ ಅಂಕಣದ ನಾಯಕ ರಾಜೇಂದ್ರ ಪ್ರಸಾದ್. ನಮ್ಮ ರಾಷ್ಟ್ರಪತಿಯ ಸ್ಥಾನ ಇಂಗ್ಲೆಂಡಿನ ದೊರೆಯ ಸ್ಥಾನದಂಥದ್ದು ಎಂದು ಅಂಬೇಡ್ಕರ್ 1948ರ ನವೆಂಬರ್‌ನಲ್ಲೇ ಸಂವಿಧಾನ ಸಭೆಗೆ ತಿಳಿಸಿದ್ದರು. ಆದರೆ ವಿಧಿಯಲ್ಲಿ ಆ ಮಾತು ಅಕ್ಷರಕ್ಕಿಳಿದಿರಲಿಲ್ಲ. 1951ರಲ್ಲಿ ಹಿಂದೂ ಕೋಡ್ ಮಸೂದೆ ಬಂದಾಗ ಪ್ರಸಾದ್ ಅದನ್ನು ತಮ್ಮ ಸ್ವಂತ ವಿವೇಚನೆಯಿಂದ ತೂಗಿ ನೋಡುವ ಇಂಗಿತವನ್ನು ನೆಹರೂ ಅವರಿಗೆ ಬರೆದು ತಿಳಿಸಿದರು. ನೆಹರೂ ಕಾನೂನು ತಜ್ಞರನ್ನು ಕೇಳಿದರು. ಅಟಾರ್ನಿ ಜನರಲ್ ಎಂ.ಸಿ. ಸೆತಲ್ವಾಡ್ ಅವರ ಅಭಿಪ್ರಾಯ ಮಂತ್ರಿಮಂಡಲದ ಪರವಾಗಿ ಬಂತು. 1960ರಲ್ಲಿ ಪ್ರಸಾದ್ ಮತ್ತೊಮ್ಮೆ ಸಾರ್ವಜನಿಕ ಭಾಷಣದಲ್ಲೇ ಈ ಪ್ರಶ್ನೆ ಎತ್ತಿದರು. ಆದರೂ ಅವರು ಮಂತ್ರಿಮಂಡಲದೊಂದಿಗೆ ಸಂಘರ್ಷಕ್ಕೆ ಇಳಿಯಲಿಲ್ಲ. ಬರೆಯದ ನಿಯಮ ರೂಢಿಯಾಗಿ ನೆಲೆ ನಿಂತದ್ದು ಹೀಗೆ. 1974ರಲ್ಲಿ ಶಂಶೇರ್ ಸಿಂಗ್ ಪ್ರಕರಣದ ತೀರ್ಪು ಆ ರೂಢಿಗೆ ಸುಪ್ರೀಂ ಕೋರ್ಟಿನ ಮುದ್ರೆಯೊತ್ತಿತು.

ಮರುವರ್ಷವೇ ರೂಢಿಯ ಅಪಾಯವೂ ಕಂಡಿತು. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಲಹೆ ಬಂದದ್ದು ಪ್ರಧಾನಿಯಿಂದ. ಸಚಿವ ಸಂಪುಟ ಸೇರಿ ಒಪ್ಪಿಗೆ ಕೊಟ್ಟದ್ದು ಮರುದಿನ ಬೆಳಿಗ್ಗೆ. ಮಕ್ಕಳಿಗೆ ಈ ಎರಡು ಘಟನೆಗಳ ಅನುಕ್ರಮವನ್ನು ತೋರಿಸಿದರೆ, ಸಂಪುಟದ ಲಿಖಿತ ನಿರ್ಧಾರ ಕೈಸೇರದೆ ರಾಷ್ಟ್ರಪತಿ ತುರ್ತುಪರಿಸ್ಥಿತಿ ಘೋಷಿಸುವಂತಿಲ್ಲ ಎಂಬ ಷರತ್ತನ್ನು 44ನೇ ತಿದ್ದುಪಡಿ ಯಾಕೆ ಹಾಕಿತೆಂದು ಬಿಡಿಸಿ ಹೇಳಬೇಕಾಗುವುದಿಲ್ಲ.

ಎರಡನೆಯ ಅಂಕಣಕ್ಕೆ ಕರ್ನಾಟಕದ್ದೇ ಉದಾಹರಣೆಯಿದೆ. 1977ರ ಫೆಬ್ರವರಿಯಲ್ಲಿ ಅಹ್ಮದ್ ತೀರಿಕೊಂಡಾಗ, ಉಪರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಜಮಖಂಡಿ ಸೀಮೆಯ ಜತ್ತಿ ಹಿಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಚುನಾವಣೆ ಗೆದ್ದ ಜನತಾ ಸರ್ಕಾರ ಏಪ್ರಿಲ್‌ನಲ್ಲಿ, ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವಂತೆ ಸಲಹೆ ನೀಡಿತು. ಜತ್ತಿ ಕೂಡಲೇ ಸಹಿ ಹಾಕಲಿಲ್ಲ. ದಿಲ್ಲಿಯಲ್ಲಿ ಗದ್ದಲವೆದ್ದಿತು. ಏಪ್ರಿಲ್ 30ರಂದು ಅವರು ಸಹಿ ಮಾಡಿದರು. ಆಗ ಜಾರಿಯಲ್ಲಿದ್ದದ್ದು 42ನೇ ತಿದ್ದುಪಡಿಯ ಪಾಠ. ಸಲಹೆಯನ್ನು ಹಿಂದಕ್ಕೆ ಕಳಿಸಲು ಅದರಲ್ಲಿ ದಾರಿಯೇ ಇರಲಿಲ್ಲ. ಈ ಪ್ರಸಂಗವನ್ನು ತರಗತಿಯಲ್ಲಿ ಆಡಿಸಿ ನೋಡಬಹುದು. ಒಬ್ಬ ವಿದ್ಯಾರ್ಥಿನಿ ರಾಷ್ಟ್ರಪತಿ, ಐದಾರು ಮಂದಿ ಮಂತ್ರಿಗಳು, ಸಲಹೆ ಅದೇ. ಆದರೆ ರಾಷ್ಟ್ರಪತಿಯ ಕೈಗೆ ಮೊದಲು 1950ರ ಚೀಟಿ, ಆಮೇಲೆ 1976ರದು, ಕೊನೆಗೆ 1978ರದು. ಚೀಟಿ ಬದಲಾದಂತೆ ಅವಳು ಏನು ಮಾಡಬಹುದು ಎಂಬುದೂ ಬದಲಾಗುತ್ತದೆ. ಕಾನೂನಿನ ಒಂದು ವಾಕ್ಯಕ್ಕೆ ಎಷ್ಟು ತೂಕವಿದೆ ಎಂಬುದು ಹೀಗೆ ಮಕ್ಕಳ ಅನುಭವಕ್ಕೇ ಬರುತ್ತದೆ.

ಮೂರನೆಯ ಚೀಟಿಯನ್ನು ನಿಜಕ್ಕೂ ಬಳಸಿದವರು ಕೆ.ಆರ್. ನಾರಾಯಣನ್. ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಅವರು 1997ರಲ್ಲಿ ಹಿಂದಿರುಗಿಸಿದರು. ಗುಜ್ರಾಲ್ ಸರ್ಕಾರ ಅದನ್ನು ಕೈಬಿಟ್ಟಿತು. 1998ರಲ್ಲಿ ಬಿಹಾರದ ಶಿಫಾರಸನ್ನೂ ಹಿಂದಿರುಗಿಸಿದರು. ವಾಜಪೇಯಿ ಸರ್ಕಾರ 1999ರಲ್ಲಿ ಮತ್ತೆ ಸಲಹೆ ಕಳಿಸಿದಾಗ ಒಪ್ಪಿಕೊಂಡರು. ಮಸೂದೆಗಳ ವಿಷಯದಲ್ಲಿ 111ನೇ ವಿಧಿ ಇಂಥದೇ ಅವಕಾಶವನ್ನು ಮೊದಲಿನಿಂದಲೂ ಕೊಟ್ಟಿದೆ. 2006ರಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಲಾಭದಾಯಕ ಹುದ್ದೆಗಳ ಮಸೂದೆಯನ್ನು ಸಂಸತ್ತಿಗೆ ವಾಪಸ್ ಕಳಿಸಿದರು, ಅದು ಮತ್ತೆ ಅಂಗೀಕಾರವಾಗಿ ಬಂದಾಗ ಸಹಿ ಹಾಕಿದರು. ಜೈಲ್ ಸಿಂಗ್ ಹಿಡಿದ ದಾರಿ ಬೇರೆ. ಜನರ ಪತ್ರಗಳನ್ನು ತೆರೆದು ನೋಡುವ ಅಧಿಕಾರ ಸರ್ಕಾರಕ್ಕೆ ಕೊಡುತ್ತಿದ್ದ 1986ರ ಅಂಚೆ ಮಸೂದೆಗೆ ಅವರು ಒಪ್ಪಿಗೆಯನ್ನೂ ಕೊಡಲಿಲ್ಲ, ಅದನ್ನು ಹಿಂದಕ್ಕೂ ಕಳಿಸಲಿಲ್ಲ. ನಿರ್ದಿಷ್ಟ ಗಡುವು ವಿಧಿಯಲ್ಲಿ ಇಲ್ಲವಾದ್ದರಿಂದ ಸುಮ್ಮನಿರುವುದೇ ಒಂದು ಅಧಿಕಾರವಾಯಿತು. ಆ ಮಸೂದೆ ಕಾನೂನಾಗಲೇ ಇಲ್ಲ.

ನ್ಯಾಯಾಲಯ ಎಳೆದ ಗೆರೆಗೆ ಎಸ್.ಆರ್. ಬೊಮ್ಮಾಯಿ ಪ್ರಕರಣವನ್ನೇ ಆರಿಸಬೇಕು. ಕರ್ನಾಟಕದ ಶಿಕ್ಷಕರಿಗೆ ಇದಕ್ಕಿಂತ ಹತ್ತಿರದ ವಿಷಯ ಸಿಗುವುದು ಕಷ್ಟ. 1989ರ ಏಪ್ರಿಲ್‌ನಲ್ಲಿ, ಸದನದಲ್ಲಿ ಬಹುಮತ ಸಾಬೀತು ಮಾಡುತ್ತೇನೆ ಎಂದು ಮುಖ್ಯಮಂತ್ರಿ ಬೊಮ್ಮಾಯಿ ಕೇಳಿಕೊಂಡರೂ ರಾಜ್ಯಪಾಲರ ವರದಿಯ ಮೇಲೆ ಅವರ ಸರ್ಕಾರ ವಜಾ ಆಯಿತು. 356ನೇ ವಿಧಿಯಂತೆ ರಾಷ್ಟ್ರಪತಿಗೆ ಮನವರಿಕೆಯಾದರೆ ಸಾಕು ಎಂಬ ತಿಳಿವಳಿಕೆ ಅಲ್ಲಿಯವರೆಗೆ ಬಲವಾಗಿತ್ತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಆ ಮನವರಿಕೆಗೆ ಆಧಾರವಿತ್ತೇ ಎಂದು ನ್ಯಾಯಾಲಯ ಪರಿಶೀಲಿಸಬಹುದು, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ, ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ ಎಂದು ತೀರ್ಪಿತ್ತಿತು. ಗ್ರಂಥಾಲಯದಲ್ಲಿ ಆ ದಿನಗಳ ಪತ್ರಿಕೆಗಳು ಸಿಗುವ ಊರಿನಲ್ಲಿ ಮಕ್ಕಳು 1989 ಮತ್ತು 1994ರ ಸುದ್ದಿಗಳನ್ನು ಜೋಡಿಸಿ ಓದಬಹುದು; ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡೂ ಬರಬಹುದು.

ಇಷ್ಟೆಲ್ಲ ತಿದ್ದುಪಡಿ, ತೀರ್ಪುಗಳಾದರೂ ಒಂದು ಗಳಿಗೆಯಲ್ಲಿ ರಾಷ್ಟ್ರಪತಿ ಬಹುಮಟ್ಟಿಗೆ ಒಬ್ಬಂಟಿ. ಲೋಕಸಭೆಯಲ್ಲಿ ಯಾರಿಗೂ ಬಹುಮತ ಇಲ್ಲದಾಗ ಸರ್ಕಾರ ರಚಿಸಲು ಯಾರನ್ನು ಮೊದಲು ಕರೆಯಬೇಕು ಎಂಬುದನ್ನು 75ನೇ ವಿಧಿ ಹೇಳುವುದಿಲ್ಲ. ಇದನ್ನು ಕಲಿಸಲು 1996ರ ಫಲಿತಾಂಶವನ್ನು ಹಲಗೆಯ ಮೇಲೆ ಬರೆದು, ಮುಂದೇನಾಯಿತೆಂದು ಹೇಳದೆ ಮಕ್ಕಳ ಗುಂಪುಗಳ ತೀರ್ಮಾನಕ್ಕೆ ಬಿಡಬೇಕು: ಬಿಜೆಪಿ 161, ಕಾಂಗ್ರೆಸ್ 140, ಜನತಾದಳ 46. ಪ್ರತಿ ಗುಂಪೂ ತನ್ನ ಆಯ್ಕೆಗೆ ಕಾರಣ ಬರೆಯಬೇಕು. ಆ ಬಳಿಕ ನಡೆದದ್ದನ್ನು ಹೇಳಬಹುದು. ಶಂಕರ್ ದಯಾಳ್ ಶರ್ಮಾ ಅತಿ ದೊಡ್ಡ ಪಕ್ಷದ ನಾಯಕ ವಾಜಪೇಯಿ ಅವರನ್ನು ಕರೆದರು. ಆ ಸರ್ಕಾರ 13 ದಿನ ಬಾಳಿತು. ಜೂನ್ 1ರಂದು ಕಾಂಗ್ರೆಸ್ಸಿನ ಬಾಹ್ಯ ಬೆಂಬಲದೊಂದಿಗೆ ಸಂಯುಕ್ತರಂಗದ ಎಚ್.ಡಿ. ದೇವೇಗೌಡರು ಪ್ರಮಾಣವಚನ ತೆಗೆದುಕೊಂಡರು. 1998ರಲ್ಲಿ ನಾರಾಯಣನ್ ಈ ಪದ್ಧತಿಯನ್ನೇ ಬದಲಿಸಿ, ಮಿತ್ರಪಕ್ಷಗಳ ಬೆಂಬಲ ಪತ್ರಗಳನ್ನು ತರಿಸಿಕೊಂಡ ಮೇಲಷ್ಟೇ ವಾಜಪೇಯಿ ಅವರಿಗೆ ಆಹ್ವಾನ ನೀಡಿದರು.