ಹುಳುವಿನ ಮನೆಯ ಮಡಿ

ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರಲ್ಲಿರುವ ಸ್ನೇಹಿತರ ಮನೆಗೆ ಹೋಗಿದ್ದೆ. ರೇಷ್ಮೆಹುಳು ಸಾಕುವ ಮನೆಯನ್ನು ನೋಡುವ ಕುತೂಹಲದಿಂದ ಬಾಗಿಲಲ್ಲಿ ಕಾಲಿಡುವಷ್ಟರಲ್ಲಿ ಅವರ ಮನೆಯಾಕೆ, “ಅಲ್ಲೇ ನಿಂತ್ಕೊಳ್ಳಿ ಮೇಷ್ಟ್ರೇ!” ಎಂದು ತಡೆದರು. ಚಪ್ಪಲಿ ಹೊರಗೆ ಬಿಡಬೇಕು, ಹೊಸ್ತಿಲ ಬಳಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ ಹಾಸಿದ ಗೋಣಿಯ ಮೇಲೆ ಪಾದವೂರಬೇಕು, ಪಕ್ಕದ ಬೋಗುಣಿಯಲ್ಲಿ ಕೈ ತೊಳೆಯಬೇಕು, ಆಮೇಲೆ ಒಳಗೆ. ನಾನು ಕಾಲೇಜಿನಲ್ಲಿ ಪಾಠ ಹೇಳುವವನೆಂಬ ಮರ್ಯಾದೆಯನ್ನು ಹುಳುಗಳು ಲೆಕ್ಕಕ್ಕಿಡುವುದಿಲ್ಲವಷ್ಟೆ!

ಅದೇ ಮನೆಯ ಹಿತ್ತಿಲಲ್ಲಿ, ತಗಡಿನ ಮಾಡಿನ ಕೆಳಗೆ, ನಾಲ್ವರು ಹೆಂಗಸರು ನೆಲದ ಮೇಲೆ ಕುಳಿತು ಹುಣಿಸೆಹಣ್ಣಿನ ಬೀಜ, ನಾರುಗಳನ್ನು ಬಿಡಿಸಿ ಚಿಂತಾಮಣಿಯ ಮಂಡಿಗೆ ಹೋಗಬೇಕಾದದ್ದನ್ನು ಒಂದು ಕಡೆ, ಪೊಟ್ಟಣ ಕಟ್ಟಬೇಕಾದದ್ದನ್ನು ಇನ್ನೊಂದು ಕಡೆ ರಾಶಿ ಹಾಕುತ್ತಿದ್ದರು. ಮೂಲೆಯಲ್ಲಿ ಮೆಣಸಿನಕಾಯಿ ಪುಡಿ ಮಾಡುವ ಸಣ್ಣ ಯಂತ್ರವಿತ್ತು. ಅಲ್ಲಿಗೆ ಹೋಗಲು ನನ್ನನ್ನು ಯಾರೂ ತಡೆಯಲಿಲ್ಲ. ಚಪ್ಪಲಿ ಮೆಟ್ಟಿಯೇ ಹೋದೆ. ಒಂದು ಕೋಳಿ ನನಗಿಂತ ಮೊದಲೇ ಬಂದು ರಾಶಿಯ ಅಂಚನ್ನು ಪರೀಕ್ಷಿಸುತ್ತಿತ್ತು.

ನಾನು ನಗುತ್ತ ಈ ಭೇದವನ್ನು ಕೇಳಿದೆ. ಆಕೆ ನಗಲಿಲ್ಲ. “ಹುಳಕ್ಕೆ ಹಾಲುತೊಂಡೆ ಬಂದ್ರೆ ಒಂದು ಬೆಳೆ ಹೋಯ್ತು, ಸಾಲ ತೀರಿಸೋದು ಹೇಗೆ? ಹುಣಿಸೆಹಣ್ಣು ಕೊಂಡೋರು ತೊಳ್ದು ಬೇಯಿಸ್ಕೋತಾರೆ” ಎಂದರು.

ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಹುಳುವಿನ ಲೆಕ್ಕ ಸುಮಾರು 25 ದಿನಗಳಲ್ಲಿ ಮುಗಿದುಹೋಗುತ್ತದೆ; ತಪ್ಪಿದವನಿಗೇ ಶಿಕ್ಷೆ. ಪೊಟ್ಟಣದ ಲೆಕ್ಕ ಹಾಗಲ್ಲ. ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ ಮಗುವೊಂದಕ್ಕೆ ವಾಂತಿ ಭೇದಿಯಾದರೆ ತಾಯಿ ಹಾಲನ್ನು ದೂರುತ್ತಾಳೆ, ಹೋಟೆಲನ್ನು ದೂರುತ್ತಾಳೆ. ಮಾವಿನಕಾಯಿಯ ಹೋಳಿಗೆ ಹಸಿಯಾಗಿಯೇ ಉದುರಿಸಿದ ಖಾರದ ಪುಡಿ ಆಕೆಯ ನೆನಪಿಗೂ ಬರುವುದಿಲ್ಲ. ಹುಣಿಸೆಹಣ್ಣು ಸಾರಿನಲ್ಲಿ ಕುದಿಯುತ್ತದೆ, ನಿಜ. ಖಾರದ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ತೊಳೆದು ತಿನ್ನುವವರುಂಟೆ? ಸಾಲ್ಮೊನೆಲ್ಲಾ ಎಂಬ ರೋಗಾಣು ಒಣಪುಡಿಯಲ್ಲಿ ಬೆಳೆಯಲಾರದಾದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲುದು.

ಹುಳುವಿನ ಮನೆಯ ಈ ಎಚ್ಚರಕ್ಕೆ ಒಂದು ಇತಿಹಾಸವಿದೆ. ಫ್ರಾನ್ಸಿನ ರೇಷ್ಮೆಯ ಕಸುಬು ಗಂಟುರೋಗದಿಂದ ನಾಶವಾಗುತ್ತಿದ್ದಾಗ, 1865ರಲ್ಲಿ, ಅದುವರೆಗೆ ರೇಷ್ಮೆಹುಳುವಿನ ಗಂಧವೂ ಇಲ್ಲದಿದ್ದ ಲೂಯಿ ಪಾಸ್ತರ್ ಆ ಕೆಲಸಕ್ಕೆ ಇಳಿದನು. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆಗಳನ್ನು ನಾಶಮಾಡುವ ಕ್ರಮವನ್ನು ಹಾಕಿಕೊಟ್ಟನು. ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಅದೇ. ಅದಕ್ಕೂ ಮುಂಚೆ, 1847ರಲ್ಲಿ, ವಿಯೆನ್ನಾದ ಹೆರಿಗೆಯ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಡಾಕ್ಟರುಗಳಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿ ಬಾಣಂತಿಯರ ಸಾವನ್ನು ಬಹುವಾಗಿ ತಗ್ಗಿಸಿದ್ದನು. ಆ ಕ್ಲೋರಿನ್ ಸುಣ್ಣವೇ ಶಿಡ್ಲಘಟ್ಟದ ಹೊಸ್ತಿಲಿನ ಬ್ಲೀಚಿಂಗ್ ಪುಡಿ. ಹುಳುವಿನ ಮನೆಯಿಂದ ಹಿತ್ತಿಲಿಗೆ ಹತ್ತು ಹೆಜ್ಜೆಯ ದೂರ. ಆ ವಿದ್ಯೆ ಅಷ್ಟು ದೂರ ನಡೆಯಲಿಲ್ಲ.

2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ದ್ರಾಕ್ಷಿ, ಟೊಮೇಟೊ, ನೆಲಗಡಲೆ, ಹುಣಿಸೆಗಳಿಗೆ ಬರವಿಲ್ಲ. ಬೆಲೆ ಬಿದ್ದಾಗ ಟೊಮೇಟೊವನ್ನು ರಸ್ತೆಯ ಬದಿಗೆ ಸುರಿಯುವ ದೃಶ್ಯವೂ ನಮಗೆ ಹೊಸದಲ್ಲ. ಆದ್ದರಿಂದಲೇ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ನೆರವು ನೀಡಲು 2020ರಲ್ಲಿ ಕೇಂದ್ರ ಸರ್ಕಾರ ಯೋಜನೆಯೊಂದನ್ನು ತಂದಿತು. ಈ ಜಿಲ್ಲೆಯ ಪಾಲಿಗೆ ಆರಿಸಿದ್ದು ಟೊಮೇಟೊವನ್ನೇ. ಯಂತ್ರಕ್ಕೆ ಸಾಲ ಸಿಕ್ಕೀತು. ಯಂತ್ರವನ್ನು ತೊಳೆಯುವ ಕೈ ಮನೆಯದೇ ಆಗಬೇಕು.

ತೊಳೆಯುವುದರಲ್ಲಿ ಒಂದು ಕ್ರಮವಿದೆ. ಅದು ತಪ್ಪಿದರೆ ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಮೊದಲು ಕಸವನ್ನೂ ಅಂಟಿದ ಪದಾರ್ಥವನ್ನೂ ಒಣಗಿರುವಾಗಲೇ ಕೆರೆದು ಗುಡಿಸಬೇಕು. ಬಳಿಕ ಸೋಪುನೀರಿನಲ್ಲಿ ಉಜ್ಜಿ, ಒಳ್ಳೆಯ ನೀರಿನಲ್ಲಿ ಜಾಲಿಸಬೇಕು. ಕ್ರಿಮಿನಾಶಕದ ಸರದಿ ಆಮೇಲೆ. ಕೊಳೆಯ ಮೇಲೆಯೇ ಬ್ಲೀಚಿಂಗ್ ನೀರು ಎರಚಿದರೆ ಅದರ ಶಕ್ತಿಯನ್ನೆಲ್ಲ ಕೊಳೆಯೇ ನುಂಗಿಬಿಡುತ್ತದೆ; ರೋಗಾಣು ಕೆಳಗೆ ಸುಖವಾಗಿರುತ್ತದೆ. ಕೊನೆಗೆ, ಪೂರ್ತಿ ಆರಬೇಕು. ಒದ್ದೆಯಾದ ಮಸಿಬಟ್ಟೆಯಿಂದ ಒರೆಸಿದರೆ ಇಷ್ಟೂ ಶ್ರಮ ವ್ಯರ್ಥ. ಆ ಬಟ್ಟೆಯಷ್ಟು ರೋಗಾಣುಗಳ ತವರು ಅಡುಗೆಮನೆಯಲ್ಲಿ ಬೇರೊಂದಿಲ್ಲ.

ಅಳತೆಯ ವಿಷಯದಲ್ಲಿ ಹುಳುವಿನ ಮನೆಯ ಅಭ್ಯಾಸವನ್ನು ಹಾಗೆಯೇ ತರಲಾಗದು. ಅಲ್ಲಿ ಗೋಡೆ, ತಟ್ಟೆ, ಚಂದ್ರಿಕೆಗಳಿಗೆ ನೂರಕ್ಕೆ 2ರ ಪ್ರಮಾಣ, ಅಂದರೆ 10 ಲೀಟರಿಗೆ 200 ಗ್ರಾಂ. ಆಹಾರ ತಾಗುವ ಮೇಜು, ಪಾತ್ರೆ, ಅಲಗುಗಳಿಗೆ 10 ಲೀಟರಿಗೆ 7 ಗ್ರಾಂ ಹೊಸ ಪುಡಿ ಸಾಕು. ತಿಳಿಯನ್ನು ಬಸಿದು ಒಂದೆರಡು ನಿಮಿಷ ತಾಗಿಸಿ, ಮತ್ತೆ ಕುಡಿಯುವ ನೀರಿನಲ್ಲಿ ತೊಳೆದರಾಯಿತು. ಹೆಚ್ಚು ಹಾಕಿದರೆ ಹೆಚ್ಚು ಶುದ್ಧವೆಂಬುದು ಭ್ರಮೆ. ಲೋಹ ತಿಂದುಹೋಗುತ್ತದೆ, ಕೈ ಸುಡುತ್ತದೆ. ಬಾಯಿ ತೆರೆದಿಟ್ಟ ಹಳೆಯ ಪುಡಿಯಲ್ಲಿ ವಾಸನೆ ಉಳಿದೀತು, ಸತ್ವ ಉಳಿಯದು. ಇನ್ನೊಂದು ಮಾತನ್ನು ಗೃಹಿಣಿಯರೂ ಗಮನಿಸಬೇಕು: ನಮ್ಮ ಸೀಮೆಯ ಕೊಳವೆಬಾವಿಯ ಗಡಸು ನೀರಿನಿಂದ ಕಟ್ಟುವ ಬಿಳಿಯ ಪದರವನ್ನು ತೆಗೆಯಲು ಹುಳಿಯನ್ನೋ ಆಮ್ಲವನ್ನೋ ಬಳಸುತ್ತಾರೆ. ಅದಕ್ಕೆ ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು.

ನೀರೇ ಈ ಸೀಮೆಯ ದೊಡ್ಡ ಪ್ರಶ್ನೆ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಕಡೆ ಹರಿಯುವ ಉತ್ತರ ಪಿನಾಕಿನಿಯಲ್ಲಿ ವರ್ಷದ ಬಹುಭಾಗ ಮರಳೇ ಹೆಚ್ಚು. ಜಿಲ್ಲೆಯ ಅನೇಕ ಕೆರೆಗಳಿಗೆ ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಗಳಿಂದ ಎರಡು ಹಂತದಲ್ಲಿ ಶುದ್ಧೀಕರಿಸಿದ ನೀರು ಬರುತ್ತದೆ. ಅದು ಅಂತರ್ಜಲ ಹೆಚ್ಚಿಸಲೆಂದು ಬಿಟ್ಟ ನೀರು, ಹಣ್ಣು ತೊಳೆಯಲೆಂದಲ್ಲ. ತೊಳೆಯುವ ನೀರು ಕುಡಿಯುವ ನೀರಾಗಿರಬೇಕು. ಟೊಮೇಟೊವಿನಲ್ಲಿ ಇನ್ನೂ ಒಂದು ಸೂಕ್ಷ್ಮ: ಬಿಸಿಲಲ್ಲಿ ಕಾದ ಹಣ್ಣನ್ನು ತಣ್ಣೀರಿಗೆ ಸುರಿದರೆ ಅದು ತೊಟ್ಟಿನ ಗುರುತಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ನೀರಿನಲ್ಲಿರುವ ರೋಗಾಣುವನ್ನೂ. ತೊಳೆಯುವ ನೀರು ಹಣ್ಣಿಗಿಂತ ತುಸು ಬೆಚ್ಚಗಿರಬೇಕೆಂಬುದು ಅದಕ್ಕೇ.

ಖಾರದ ಪುಡಿ, ನೆಲಗಡಲೆಗಳ ವಿಷಯದಲ್ಲಾದರೋ ನೀರೇ ಶತ್ರು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿದ ಟರ್ಕಿ ಕೋಳಿಗಳು ಸತ್ತುವು; ಕಾರಣ, ಅವಕ್ಕೆ ಹಾಕಿದ್ದ ನೆಲಗಡಲೆ ಹಿಂಡಿಯಲ್ಲಿನ ಬೂಸಲು ಹುಟ್ಟಿಸಿದ ಅಫ್ಲಾಟಾಕ್ಸಿನ್ ಎಂಬ ವಿಷ. ತೊಳೆದರೂ ಕುದಿಸಿದರೂ ಅದು ಹೋಗದು. ಯಕೃತ್ತಿನ ಕ್ಯಾನ್ಸರಿಗೂ ಅದು ಕಾರಣವಾಗುತ್ತದೆ. ಇಂಥ ಘಟಕದ ಯಂತ್ರಕ್ಕೆ ಒಣ ಕುಂಚವೇ ಲೇಸು, ಕೊಳಾಯಿಯಲ್ಲ. ಚೀಲಗಳು ನೆಲಕ್ಕೂ ಗೋಡೆಗೂ ತಾಗದೆ ಹಲಗೆಯ ಮೇಲಿರಬೇಕು.

ಇವೆಲ್ಲ ನಮ್ಮ ಅಜ್ಜಿಯರಿಗೆ ತೀರ ಅಪರಿಚಿತವಾಗಿರಲಿಲ್ಲ. ಉಪ್ಪಿನಕಾಯಿಯ ಜಾಡಿಗೆ ಒದ್ದೆ ಸೌಟು ಹಾಕಿದವರ ಗತಿ ಎಲ್ಲರಿಗೂ ನೆನಪಿದೆ. ‘ಮಡಿ’ ಎಂದರೆ ಒಗೆದು ಶುಭ್ರವಾದ ಬಟ್ಟೆ. ಅದನ್ನು ಶುಭ್ರಗೊಳಿಸುವವನು ಮಡಿವಾಳ. ಬಟ್ಟೆಯನ್ನು ಕುರಿತ ಮಾತನ್ನು ನಾವು ಮನುಷ್ಯರ ಹುಟ್ಟಿಗೆ ಅಂಟಿಸಿ, ಮುಟ್ಟಬಾರದವರನ್ನು ಸೃಷ್ಟಿಸಿ, ಕೊಳೆಯನ್ನು ಮಾತ್ರ ಇದ್ದಲ್ಲಿಯೇ ಬಿಟ್ಟೆವು.

ಕಾನೂನು ಇಲ್ಲವೆಂದಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆಯ ಮೇರೆಗೆ 2011ರಲ್ಲಿ ಬಂದ ನಿಯಮಗಳ ನಾಲ್ಕನೆಯ ಅನುಸೂಚಿ ಗುಡಿಸಲಿನಲ್ಲಿ ಪುಡಿ ಕುಟ್ಟುವವರಿಗೂ ಶುಚಿತ್ವದ ನಿಯಮಗಳನ್ನು ಹೇಳುತ್ತದೆ. ಪೊಟ್ಟಣದ ಮೇಲಿನ 14 ಅಂಕೆಗಳ ಸಂಖ್ಯೆ ತಯಾರಕರ ಹೆಸರು ದಾಖಲೆಯಲ್ಲಿದೆ ಎಂಬುದನ್ನು ತಿಳಿಸುತ್ತದೆ. ಕೋಳಿ ಎಲ್ಲಿದೆ ಎಂಬುದನ್ನು ಅದು ತಿಳಿಸಲಾರದು.

ಅಂದು ಹೊರಡುವ ಮುನ್ನ, ಖಾರದ ಪುಡಿಯನ್ನು ತೊಳೆದು ತಿನ್ನಲಾಗದೆಂಬ ಮಾತನ್ನು ಆ ಮನೆಯಾಕೆಗೆ ಹೇಳಿದ್ದೆ. ಅವರು ಉತ್ತರ ಕೊಟ್ಟಿರಲಿಲ್ಲ. ಎರಡು ತಿಂಗಳ ಮೇಲೆ ಮತ್ತೆ ಹೋದಾಗ ಹಿತ್ತಿಲ ಮಾಡಿಗೆ ಸುತ್ತ ಬಲೆ ಬಿಗಿದಿತ್ತು. ರಾಶಿ ನೆಲದಿಂದ ಹಲಗೆಗೆ ಏರಿತ್ತು. ಯಂತ್ರದ ಪಕ್ಕದಲ್ಲಿ ಒಣ ಕುಂಚವೊಂದು ತೂಗುತ್ತಿತ್ತು. ನಾನು ಹೊಸ್ತಿಲನ್ನು ದಾಟುವಷ್ಟರಲ್ಲಿ ಒಳಗಿನಿಂದ ಕೂಗು ಕೇಳಿಸಿತು: “ಚಪ್ಲಿ, ಮೇಷ್ಟ್ರೇ!”